ಮೇಜಿನ ಸುತ್ತ ಹಳೇಬೀಡು

ಗೈಡ್ ಕೆಲಸಕ್ಕೆ ನಿವೃತ್ತಿಯ ವಯಸ್ಸು ಎಂದೇನೂ ಇಲ್ಲ. ಮಂಡಿ ಯಾವತ್ತು ಸಾಕು ಅನ್ನುತ್ತದೋ ಅವತ್ತೇ ನಿವೃತ್ತಿ. ನನ್ನ ಎಡಮಂಡಿ ಹಾಗಂದದ್ದು ಬೇಲೂರು ದೇವಸ್ಥಾನದ ಜಗತಿ ಕಟ್ಟೆಯ ಮೆಟ್ಟಿಲ ಮೇಲೆ, ಗುಜರಾತಿನ ಒಂದು ದೊಡ್ಡ ಕುಟುಂಬದ ಎದುರಿಗೆ. ಅವರೇ ನನ್ನ ಎರಡೂ ರೆಟ್ಟೆ ಹಿಡಿದು ಕೆಳಗಿಳಿಸಿದರು. ಅವರಲ್ಲೊಬ್ಬ ಅಜ್ಜಿ ತನ್ನ ಚೀಲದಿಂದ ನೋವಿನ ಮುಲಾಮು ತೆಗೆದುಕೊಟ್ಟು, ನನ್ನ ಭಾಷೆಯಲ್ಲದ ಭಾಷೆಯಲ್ಲಿ ನನಗೆ ಬುದ್ಧಿ ಹೇಳಿದಳು. ಅಷ್ಟು ವರ್ಷ ಬಂದವರಿಗೆಲ್ಲ ದಾರಿ ತೋರಿಸಿದವನನ್ನು ಕೊನೆಗೆ ಪ್ರವಾಸಿಗರೇ ಆಟೋ ಹತ್ತಿಸಿದರು. ಅಂದಿನಿಂದ ನಾನು ಹಳೇಬೀಡಿನ ನಮ್ಮ ಮನೆಯ ಜಗುಲಿಯಲ್ಲಿದ್ದೇನೆ.

ಪ್ರವಾಸೋದ್ಯಮ ಇಲಾಖೆಯವರು ಗೈಡ್ ಲೈಸೆನ್ಸಿಗೆ ಸಂದರ್ಶನ ಕರೆದರೆಂದರೆ ಈ ಜಗುಲಿಗೆ ಜನ ಬರುತ್ತಾರೆ. ಹಗರೆಯಿಂದ, ಮಾದಿಹಳ್ಳಿಯಿಂದ, ಅತ್ತ ಹಾರನಹಳ್ಳಿಯಿಂದಲೂ ಹುಡುಗ ಹುಡುಗಿಯರು ಬಂದು ಕೂತು, “ಸಾರ್, ಇಂಟರ್‌ವ್ಯೂನಲ್ಲಿ ಏನೇನ್ ಕೇಳ್ತಾರೆ?” ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ, ಕಾಫಿ ಮಾಡಿ ಮಾಡಿ ನನ್ನ ಹೆಂಡತಿ ಗೌರಮ್ಮನಿಗೆ ರೇಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿ ಹುಡುಕಬೇಡಿ. ಬಡ್ತಿ ನಮ್ಮ ಕಸುಬಿನಲ್ಲಿಲ್ಲ. ಸನ್ಮಾನದ ಶಾಲನ್ನು ಗೌರಮ್ಮ ರಾಗಿ ಮೂಟೆಗೆ ಹೊದಿಸಿದ್ದಾಳೆ.

ನಾನು ಕೆಲಸ ಕಲಿತದ್ದು ಮಲ್ಲಪ್ಪನವರ ಹಿಂದೆ ಕೊಡೆ ಹಿಡಿದು. ಹಳೇಬೀಡಿನಲ್ಲಿ ಆಗ ಅವರೇ ಹಿರಿಯ ಗೈಡು. ಕಚ್ಚೆಪಂಚೆ, ಕರಿ ಕೋಟು, ಹಣೆಗೆ ಮೂರು ಬೆರಳ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಅವರು ಯಾರನ್ನೂ ಕೂರಿಸಿ ಪಾಠ ಹೇಳಿದವರಲ್ಲ. ಬಿಸಿಲಿನಲ್ಲಿ ಅವರ ತಲೆಗೆ ಕೊಡೆ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಗುಡಿಯ ದಕ್ಷಿಣ ಬಾಗಿಲಿನ ಕುಣಿಯುವ ಗಣಪತಿಯ ಹತ್ತಿರ ಶುರು. ಗುಡಿ ಬಲಗೈಗೆ ಇರಬೇಕು. ಗೋಡೆಯ ಒಂದೊಂದು ಮೂರ್ತಿಯ ಎದುರೂ ಕಾಲು ನಿಲ್ಲಬೇಕು, ಕಾಲು ನಿಂತ ಕೂಡಲೇ ಬಾಯಿ ತೆರೆಯಬೇಕು. ಪಶ್ಚಿಮದ ಗೋಡೆ ಸುತ್ತಿ ಉತ್ತರದ ಬಾಗಿಲಿನ ಗಣಪತಿಗೆ ಕೈಮುಗಿದರೆ ಪಾಠ ಮುಗಿಯಿತು.

ಒಂದು ದಿನ ನಾನು ಅದನ್ನೆಲ್ಲ ಮರದ ನೆರಳಲ್ಲಿ ಕೂತು ಉರು ಹೊಡೆಯುತ್ತಿದ್ದೆ. ಮಲ್ಲಪ್ಪನವರು ಕೊಡೆಯ ತುದಿಯಿಂದ ತಿವಿದು ಹೇಳಿದರು, “ಪಾಠನ ಬಾಯಲ್ಲಿಟ್ಕೊಂಡ್ರೆ ಉಗುಳ್ದಾಗ ಹೋಗ್ತೈತೆ ಕಣ್ಲಾ. ಕಾಲಲ್ಲಿಟ್ಕೊ.”

ಕಾಲಿನಲ್ಲಿ ಇಟ್ಟುಕೊಂಡೆ. ಜ್ವರ ಬಂದು ನಾಲಿಗೆ ಕಹಿಯಾಗಿದ್ದಾಗಲೂ ನಡೆದರೆ ಸಾಕು, ಪಾಠ ತಾನಾಗಿ ಬರುತ್ತಿತ್ತು. ಆದರೆ ಈ ವಿದ್ಯೆಗೆ ಒಂದು ಐಬು ಇತ್ತು. ಇದಕ್ಕೆ ನಡುವೆ ಬಾಗಿಲಿಲ್ಲ. ಅರ್ಧದಲ್ಲಿ ಯಾರಾದರೂ ಅಡ್ಡಬಾಯಿ ಹಾಕಿದರೆ ಮುಗಿಯಿತು, ಮತ್ತೆ ದಕ್ಷಿಣ ಬಾಗಿಲಿನ ಗಣಪತಿಗೇ ಹೋಗಿ ಮೊದಲಿಂದ ಬರಬೇಕು. ಮಲ್ಲಪ್ಪನವರಿಗೂ ಹಾಗೇ. ಅವರ ಸಿಟ್ಟಿಗೆ ಹೆದರಿ ಯಾರೂ ಅಡ್ಡಬಾಯಿ ಹಾಕುತ್ತಿರಲಿಲ್ಲ, ಅಷ್ಟೆ. ನನಗೆ ಐಬು ಬಂತು, ಸಿಟ್ಟು ಬರಲಿಲ್ಲ.

ನನ್ನ ಸಂದರ್ಶನವೆಂದರೆ ಸಂದರ್ಶನವೇ ಅಲ್ಲ. ಆಗಿನ ಸಾಹೇಬರು ತಾವೇ ಹಳೇಬೀಡಿಗೆ ಬಂದು, ನಂದಿ ಮಂಟಪದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ, “ಹೂಂ, ನಡೀರಿ ನೋಡಾಣ” ಅಂದರು. ನಾನು ನಡೆದೆ. ಉತ್ತರ ಬಾಗಿಲಿಗೆ ಬರುವಷ್ಟರಲ್ಲಿ ಕಡಲೆಕಾಯಿ ಮುಗಿದಿತ್ತು, ನಾನು ಗೈಡಾಗಿದ್ದೆ. ಒಳಗಿನ ಕಂಬಗಳನ್ನು ತೋರಿಸಲು ಆಗ ನಮ್ಮ ಹತ್ತಿರ ಇದ್ದದ್ದು ಒಂದು ಕನ್ನಡಿ. ಬಾಗಿಲಲ್ಲಿ ನಿಂತು ಬಿಸಿಲನ್ನು ಒಳಕ್ಕೆ ಬಿಡುವುದು. ಆಮೇಲೆ ಟಾರ್ಚು ಬಂತು. ಈಗ ಪ್ರವಾಸಿಗರ ಕೈಯಲ್ಲೇ ಮೊಬೈಲು ಬೆಳಕಿದೆ, ಕಿವಿಯಲ್ಲೇ ವಿವರಣೆಯಿದೆ. ನಾನು ರಾವಣ ಅನ್ನುವಾಗ ಅವರ ಕಿವಿಯೊಳಗಿನವನು ನರಸಿಂಹ ಅನ್ನುತ್ತಿರುತ್ತಾನೆ.

ಐಬು ನನಗೆ ಮಾಡಿದ ಮರ್ಯಾದೆ ಒಂದನ್ನಾದರೂ ಹೇಳಬೇಕು. ಒಮ್ಮೆ ದೆಹಲಿಯಿಂದ ಒಬ್ಬ ದೊಡ್ಡ ಅಧಿಕಾರಿ ಕುಟುಂಬ ಸಮೇತ ಬಂದರು. ಹಿಂದೆ ಇಲಾಖೆಯ ಸಾಹೇಬರು, ಮುಂದೆ ನಾನು. ಕೈಲಾಸ ಎತ್ತುವ ರಾವಣನ ಹತ್ತಿರ ನನ್ನ ಸ್ವರ ಏರಿತ್ತು. ಅಷ್ಟರಲ್ಲಿ ಆ ಅಧಿಕಾರಿ ಮೆಲ್ಲಗೆ ಟಾಯ್ಲೆಟ್ ಎಲ್ಲಿ ಎಂದು ಕೇಳಿದರು. ತೋರಿಸಿದೆ. ಅವರು ಹೋಗಿ ಬಂದರು. ನಾನು ರಾವಣನ ಮುಖ ನೋಡಿದೆ, ರಾವಣ ತನ್ನ ಹತ್ತೂ ಮುಖದಿಂದ ನನ್ನನ್ನು ನೋಡಿದ. ಒಂದಕ್ಷರ ಬರಲಿಲ್ಲ. “ಬನ್ನಿ ಸಾರ್, ಈ ಕಡೆ” ಎಂದು ಗಂಭೀರವಾಗಿ ದಕ್ಷಿಣ ಬಾಗಿಲಿಗೆ ಕರೆದುಕೊಂಡು ಹೋಗಿ ಗಣಪತಿಯಿಂದ ಶುರು ಮಾಡಿದೆ. ರಾವಣನ ಹತ್ತಿರ ಬಂದಾಗ ಅವರ ಮಗಳು ಹೋಗಬೇಕೆಂದಳು. ಮತ್ತೆ ಗಣಪತಿ. ಮೂರನೇ ಸಲ ಅವರ ಅಳಿಯ. ಸಾಹೇಬರು ಹಿಂದಿನಿಂದ ಹಲ್ಲು ಕಡಿಯುವುದು ನನಗೆ ಕೇಳುತ್ತಿತ್ತು. ಕೊನೆಗೆ ಆ ಅಧಿಕಾರಿಯ ವಯಸ್ಸಾದ ತಾಯಿ ನನ್ನ ತಲೆಯ ಮೇಲೆ ಕೈಯಿಟ್ಟು, ಎಲ್ಲ ಕಡೆ ಗೈಡುಗಳು ಅವಸರ ಮಾಡುತ್ತಾರೆ, ನೀನೊಬ್ಬನೇ ನನ್ನಿಂದ ಮೂರು ಪ್ರದಕ್ಷಿಣೆ ಮಾಡಿಸಿದೆ ಎಂದು ಆಶೀರ್ವಾದ ಮಾಡಿದರು. ಆ ಆಶೀರ್ವಾದದಿಂದಲೇ ನನ್ನ ಲೈಸೆನ್ಸು ಉಳಿಯಿತು.

ಮುಂದೆ ಬಂದ ಸಾಹೇಬರೊಬ್ಬರಿಗೆ ನಮ್ಮನ್ನೆಲ್ಲ ತಿದ್ದುವ ಹುಮ್ಮಸ್ಸು. ಹಾಸನದಲ್ಲಿ ಒಂದು ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ನಮ್ಮ ಗುಡಿಗಳ ಚಿತ್ರಗಳನ್ನೇ ಬಿಟ್ಟು, ಒಬ್ಬೊಬ್ಬರೂ ವಿವರಿಸಿ ಅಂದರು. ಚಿತ್ರಗಳು ಹಿಂದುಮುಂದಾಗಿದ್ದವು. ಗೋವರ್ಧನ ಎತ್ತಿದ ಕೃಷ್ಣ ಆದಮೇಲೆ ನಂದಿ, ನಂದಿಯಾದಮೇಲೆ ಬೇಲೂರಿನ ದರ್ಪಣ ಸುಂದರಿ. ನಮ್ಮ ಕಡೆಯ ಹಳಬರೆಲ್ಲ ಮೂಕರಾದೆವು. ಒಬ್ಬ ಹಿರಿಯರು ತಡೆಯಲಾರದೆ ಎದ್ದು ಸಭಾಂಗಣದ ಸುತ್ತ ನಡೆಯತೊಡಗಿದರು. ಅವರ ಹಿಂದೆ ಇನ್ನೊಬ್ಬರು ಎದ್ದರು. ಸಾಹೇಬರು ಟೀ ಬಿಡುವು ಘೋಷಿಸಿದರು. ಆದರೆ ಆ ಸಾಹೇಬರ ಕಾಲದಲ್ಲೇ ಸಂದರ್ಶನ ಗುಡಿಯಿಂದ ಆಫೀಸಿಗೆ ಹೋಯಿತು. ಮೇಜು ಬಂತು, ಕುರ್ಚಿ ಬಂತು, ಕೂತು ಉತ್ತರ ಹೇಳುವ ಪದ್ಧತಿ ಬಂತು.

ಆ ಕುರ್ಚಿಗೆ ಸಿಕ್ಕಿಕೊಂಡವಳು ಸವಿತಾ.

ಸವಿತಾ ನಮ್ಮ ಗುಡಿಯ ಗೇಟಿನಲ್ಲಿ ಎಳನೀರು ಮಾರುವ ಶಿವಣ್ಣನ ಮಗಳು. ಗಂಡ ಬಿಟ್ಟುಹೋದ ಮೇಲೆ ಮಗಳು ಪುಟ್ಟಿಯನ್ನು ಕಟ್ಟಿಕೊಂಡು ತೌರಿಗೆ ಬಂದವಳು ಚಪ್ಪಲಿ ಸ್ಟ್ಯಾಂಡಿನಲ್ಲಿ ಕೆಲಸಕ್ಕೆ ನಿಂತಳು. ಬಿಡುವಾದಾಗೆಲ್ಲ ದೊಡ್ಡಪ್ಪ ದೊಡ್ಡಪ್ಪ ಎನ್ನುತ್ತಾ ನನ್ನ ಹಿಂದೆ ಕೊಡೆ ಹಿಡಿದು ನಡೆದು, ನಾನು ಕಲಿತ ಹಾಗೆಯೇ ಕಲಿತಳು. ಪಾಠದ ಜೊತೆಗೆ ಐಬನ್ನೂ ಕಲಿತಳು. ಮೊದಲ ಸಂದರ್ಶನಕ್ಕೆ ಹೋಗಿ ಬಂದವಳು ಜಗುಲಿಯ ಮೇಲೆ ಕುಸಿದು ಕೂತು, “ಕೂತ್ಕೊಳ್ಳಿ ಅಂದ್ರು ದೊಡ್ಡಪ್ಪ. ಕೂತೆ. ಕೂತಿದ್ದೇ ತಡ, ದೇವಸ್ಥಾನನೇ ಮಾಯ ಆಗೋಯ್ತು” ಅಂದಳು.

ಮತ್ತೆ ಕರೆ ಬರುವಷ್ಟರಲ್ಲಿ ಅವಳ ವಯಸ್ಸು ಲೈಸೆನ್ಸಿನ ವಯಸ್ಸಿನ ಮಿತಿಗೆ ಬಂದು ನಿಂತಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ. ಅರಸೀಕೆರೆ ಕಡೆಯ ಗಾರ್ಮೆಂಟ್ಸಿನವರು ಆಗಲೇ ಬಾ ಅಂದಿದ್ದರು. ಅವರ ವ್ಯಾನು ಬೆಳಕು ಹರಿಯುವ ಮುಂಚೆ ಬರುತ್ತದೆ, ಕತ್ತಲಾದ ಮೇಲೆ ಬಿಡುತ್ತದೆ. “ನಮ್ಮ ಪುಟ್ಟಿ ಎದ್ದಿರೋದನ್ನ ನಾನು ಭಾನ್ವಾರ ಮಾತ್ರ ನೋಡ್ಬೇಕಾಗ್ತದೆ” ಅಂದಳು ಸವಿತಾ. ನಾನು ಅವಳ ಮುಂದೆ ಮೀಸೆ ತಿರುವಿ, “ಕುರ್ಚಿಗೆ ಹೆದರ್ತಾರೇನವ್ವ, ನಾನಿಲ್ವಾ” ಅಂದುಬಿಟ್ಟೆ. ಅಂದಮೇಲೆ ಹೆದರಿಕೆಯಾಯಿತು.

ತಯಾರಿ ನಮ್ಮ ನಡುಮನೆಯಲ್ಲಿ ನಡೆಯಿತು. ಊಟದ ಮೇಜಿನ ಹಿಂದೆ ಮೂವರು ಅಧಿಕಾರಿಗಳು: ನಾನು, ನನ್ನ ಕನ್ನಡಕ ಹಾಕಿಕೊಂಡ ಗೌರಮ್ಮ, ಮತ್ತೆ ಅರಸೀಕೆರೆಯಿಂದ ಬಂದಿದ್ದ ನನ್ನ ಭಾವಮೈದ ಚನ್ನಬಸಪ್ಪ. ಆತ ಕೊಬ್ಬರಿ ವ್ಯಾಪಾರಿ. ಜೀವಮಾನದಲ್ಲಿ ಸಂದರ್ಶನ ನೋಡಿದವನಲ್ಲ, ಆದರೆ ಎದುರಿಗೆ ಕೂತವರನ್ನು ಅಲುಗಾಡಿಸಿ ನೋಡುವುದು ಅವನಿಗೆ ಹುಟ್ಟುಗುಣ.

ಮೊದಲ ಪ್ರಶ್ನೆ ಗೌರಮ್ಮನದು. “ಸೊಸೆ ಕೆಲ್ಸಕ್ಕೋದ್ರೆ ಮನೇಲಿ ಅಡಿಗೆ ಯಾರ್ ಮಾಡ್ತಾರೆ ಅಂತ ನಿಮ್ಮತ್ತೆ ಕೇಳಿದ್ರೆ ಏನಂತೀಯ?”

“ಇದು ಮದುವೆ ಮಾತುಕತೆ ಅಲ್ಲ ಕಣೇ, ಇಂಟರ್‌ವ್ಯೂ” ಅಂದೆ.

“ಎಲ್ಡಕ್ಕೂ ಏನ್ ವ್ಯತ್ಯಾಸ? ಕೂರ್ಸಿ ಕೇಳೋದು ತಾನೆ” ಅಂದಳು.

ಚನ್ನಬಸಪ್ಪ ಮೇಜು ಕುಟ್ಟಿ, “ಅದೆಲ್ಲ ಬುಡು. ಕೊನೇ ರೇಟು ಹೇಳವ್ವ, ಎಷ್ಟಕ್ಕೆ ಬತ್ತೀಯ?” ಅಂದ.

ಅವರಿಬ್ಬರನ್ನೂ ಸುಮ್ಮನಿರಿಸಿ ನಾನು ರಾವಣನ ಬಗ್ಗೆ ಕೇಳಿದೆ. ಸವಿತಾ ಬಾಯಿ ತೆರೆದಳು, ಮುಚ್ಚಿದಳು, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಳು. ಆಗ ನನಗೊಂದು ಉಪಾಯ ಹೊಳೆಯಿತು. ಕೂತಲ್ಲೇ ಕಾಲಾಡಿಸು, ಕುರ್ಚಿಯ ಕೆಳಗೇ ನಡೆ ಅಂದೆ. ಅವಳು ಪಾದ ಎತ್ತಿ ಇಟ್ಟು, ಎತ್ತಿ ಇಟ್ಟು ಮಾಡಿದಳು. ಗಣಪತಿ ಬಂದ, ನಿಧಾನಕ್ಕೆ ಶಿವ ಬಂದ, ಪಾಠ ಉರುಳತೊಡಗಿತು. ನಾನು ಹಿಗ್ಗಿ ಗೌರಮ್ಮನ ಕಡೆ ನೋಡಿದೆ.

“ಹೊಲಿಗೆ ಮಿಷನ್ ತುಳ್ದಂಗೈತೆ” ಅಂದಳು ಗೌರಮ್ಮ. “ಇದನ್ನ ನೋಡಿದ್ರೆ ಗಾರ್ಮೆಂಟ್ಸಿನೋರು ನಿಂತ ಕಾಲಲ್ಲಿ ಕರ್ಕೊಂಡೋಗ್ತಾರೆ.”

ಸವಿತಾಳ ಕಾಲು ನಿಂತುಹೋಯಿತು. ಮುಖ ಬಾಡಿತು. ಗೌರಮ್ಮನಿಗೂ ಆಡಬಾರದ್ದು ಆಡಿದೆ ಅನ್ನಿಸಿ, ಎದ್ದುಹೋಗಿ ಅವಳಿಗೆ ಬಿಸಿ ರೊಟ್ಟಿ ಬೆಣ್ಣೆ ತಂದುಕೊಟ್ಟಳು.

ಅಡ್ಡಬಾಯಿಯ ಅಭ್ಯಾಸವೂ ನಡೆಯಿತು. ಅದಕ್ಕೆ ಚನ್ನಬಸಪ್ಪನೇ ಸರಿ. ಪಾಠ ರಾವಣನ ತನಕ ಬಂದಾಗೆಲ್ಲ ಅವನು, “ಟಾಯ್ಲೆಟ್ ಎಲ್ಲವ್ವ?” ಅನ್ನುವುದು, ಸವಿತಾ ಮತ್ತೆ ಗಣಪತಿಗೆ ಓಡುವುದು. ಮೂರು ಸಂಜೆ ಇದೇ ಆಯಿತು. ನಾಲ್ಕನೇ ಸಂಜೆ ಒಲೆಯ ಮುಂದಿನಿಂದ ಗೌರಮ್ಮ ಬೇಸತ್ತು ಕೂಗಿದಳು, “ಅಲ್ಲ ಕಣೇ, ರೊಟ್ಟಿ ತಟ್ತಿರೋವಾಗ ಯಾರೋ ಬಾಗ್ಲಲ್ಲಿ ಕೂಗ್ತಾರೆ. ಎದ್ದೋಗಿ ಬಂದು ತಿರ್ಗಾ ರಾಗಿ ಬೀಸಾಕೆ ಕೂರ್ತೀವಾ? ಒಂದ್ ಕೈಯಿ ರೊಟ್ಟಿ ಮೇಲೇ ಇರ್ಬೇಕು, ಕತ್ತು ಮಾತ್ರ ಬಾಗ್ಲಿಗೆ ತಿರುಗ್ಬೇಕು. ನೀನೂ ಒಂದ್ ಕಾಲ್ನ ಅಲ್ಲೇ ಮಡಿಕ್ಕೊ.”

“ನೀನು ಸುಮ್ನಿರು. ಇದು ರೊಟ್ಟಿ ಅಲ್ಲ, ಇತಿಹಾಸ” ಅಂದೆ ನಾನು. ಸವಿತಾ ಮಾತ್ರ ಗೌರಮ್ಮನ ರೊಟ್ಟಿ ತಟ್ಟುವ ಕೈಯನ್ನೇ ನೋಡುತ್ತಿದ್ದಳು.

ಸಂದರ್ಶನದ ದಿನ ಅವಳ ಜೊತೆ ನಾನೂ ಹಾಸನದ ಬಸ್ಸು ಹತ್ತಿದೆ. ಹಗರೆ ದಾಟುವಷ್ಟರಲ್ಲಿ ನನ್ನ ಉಪದೇಶ ಮುಗಿದಿತ್ತು: ಒಳಗೆ ಹೋಗಿ ನಮಸ್ಕಾರ ಹೇಳು, ಕೂತ್ಕೊ ಅಂದ್ರೆ ಕೂತ್ಕೊ, ಕುರ್ಚಿಯ ಕೆಳಗೇ ನಡಿ, ಯಾವ ಕಾರಣಕ್ಕೂ ಏಳಬೇಡ. ಅವಳು ಕಿಟಕಿಯಾಚೆ ನೋಡುತ್ತಾ ಎಲ್ಲದಕ್ಕೂ ಹೂಂಗುಟ್ಟಿದಳು. ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪಾಗಿತ್ತು.

ಆ ಆಫೀಸು ಹಳೆಯ ಕಟ್ಟಡ. ಸಾಹೇಬರ ಕೋಣೆಗೆ ಹಿಂದಿನ ಕಾಲದ ಅರೆಬಾಗಿಲು. ಒಳಗಿರುವವರ ಮುಖ ಕಾಣುವುದಿಲ್ಲ, ಮೊಣಕಾಲ ಕೆಳಗೆ ಮಾತ್ರ ಕಾಣುತ್ತದೆ. ಒಳಗೆ ಫ್ಯಾನಿನ ಗರಗರ ಸದ್ದಿಗೆ ಮಾತೂ ಕೇಳುತ್ತಿರಲಿಲ್ಲ. ನಾನು ಎದುರಿನ ಬೆಂಚಿನಲ್ಲಿ ಕೂತು ಆ ಸಂದರ್ಶನವನ್ನು ಬರೀ ಕಾಲುಗಳಲ್ಲಿ ನೋಡಿದೆ.

ಮೇಜಿನಡಿ ಎರಡು ಜೊತೆ ಕರಿ ಬೂಟು, ಒಂದು ಜೊತೆ ಹೆಂಗಸಿನ ಚಪ್ಪಲಿ. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದ ಸವಿತಾಳ ಕಾಲು ಹೋಗಿ ಕುರ್ಚಿಯ ಮುಂದೆ ಜೋಡಿಯಾಗಿ ಕೂತವು. ಸ್ವಲ್ಪ ಹೊತ್ತು ಅಲುಗಾಟವಿಲ್ಲ. ಆಮೇಲೆ ಬಲಗಾಲು ಎದ್ದಿತು, ಎಡಗಾಲು ಎದ್ದಿತು, ಹೊಲಿಗೆ ಮಿಷನ್ ಶುರುವಾಯಿತು. ಭೇಷ್ ಅಂದುಕೊಂಡೆ. ಎರಡೇ ನಿಮಿಷ. ಕಾಲು ಮತ್ತೆ ನಿಂತವು. ಒಂದರ ಮೇಲೊಂದು ಹೆಣೆದುಕೊಂಡವು. ಹೋಯಿತು, ಗುಡಿ ಮಾಯವಾಯಿತು ಅಂದುಕೊಂಡು ನಾನು ಹೆಗಲ ಟವೆಲಿನ ತುದಿ ಬಾಯಿಗೆ ತುರುಕಿಕೊಂಡೆ.

ಆಗ ಸವಿತಾ ಎದ್ದು ನಿಂತಳು. ಕೂಡಲೇ ಬೂಟುಗಳೂ ಎದ್ದವು. ನೆಲಕ್ಕೆ ಮೇಜು ಉಜ್ಜಿ ಕಿರ್ರೆಂದು ದೊಡ್ಡ ಸದ್ದಾಯಿತು. ಒಂದು ತುದಿ ಗೋಡೆಗೆ ಒತ್ತಿದ್ದ ಮೇಜು ಕೋಣೆಯ ನಡುವಿಗೆ ಬಂತು. ಏನೋ ಜಗಳವೇ ಆಯಿತೆಂದು ನಾನು ಎದ್ದೆ. ನೋಡುತ್ತಿದ್ದ ಹಾಗೆ ಬೂಟಿನ ಲಾಡಿ ಬಿಚ್ಚುವ ಕೈಗಳು ಕೆಳಗೆ ಬಂದವು. ಎರಡು ಜೊತೆ ಬೂಟು, ಒಂದು ಜೊತೆ ಚಪ್ಪಲಿ ಗೋಡೆಯ ಪಕ್ಕ ಸಾಲಾಗಿ ಕೂತವು. ಒಬ್ಬರ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗಿತ್ತು.

ಆಮೇಲೆ ಸವಿತಾಳ ಬರಿಗಾಲು ಮುಂದೆ, ಇಲಾಖೆಯ ಮೂರು ಜೊತೆ ಕಾಲು ಹಿಂದೆ, ಮೇಜನ್ನು ಬಲಕ್ಕಿಟ್ಟುಕೊಂಡು ಹೊರಟವು. ನನಗೆ ಇನ್ನು ಕಿವಿಯ ಅಗತ್ಯವೇ ಇರಲಿಲ್ಲ. ಇಲ್ಲಿ ನಿಂತಳು, ಇದು ಗಣಪತಿ. ಎರಡು ಹೆಜ್ಜೆ, ಇದು ಗಜಾಸುರನನ್ನು ಕೊಂದ ಶಿವ. ಹಿಮ್ಮಡಿ ಎತ್ತಿದಳು, ಮೇಲಿನ ಸಾಲು ತೋರಿಸುತ್ತಿದ್ದಾಳೆ. ಹಿಂದಿನ ಹಿಮ್ಮಡಿಗಳೂ ಎದ್ದವು. ನನ್ನ ಬೆಂಚಿನ ಮುಂದೆ ನಾನೇ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಿದ್ದೆನಂತೆ. ಆಫೀಸಿನ ಜವಾನ ಆಮೇಲೆ ಹೇಳಿದ.

ಬೀರುವಿನ ಹತ್ತಿರ ಕಾಲುಗಳು ನಿಂತವು. ಅದು ರಾವಣ. ಆಗಲೇ ಆ ಹರಿದ ಕಾಲುಚೀಲ ಒಂದು ಹೆಜ್ಜೆ ಮುಂದೆ ಬಂದು ಸವಿತಾಳ ಕಡೆ ತಿರುಗಿತು. ಏನೋ ಕೇಳುತ್ತಿದೆ. ಅಡ್ಡಬಾಯಿ.

ಸವಿತಾಳ ಎಡಗಾಲು ಎದ್ದು ಹಿಂದಕ್ಕೆ ಹೋಯಿತು. ಆ ಕಾಲು ಯಾವ ದಾರಿ ಹಿಡಿಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಗಣಪತಿಗೆ ಹೊರಟಳು, ಇನ್ನು ಅರಸೀಕೆರೆಯ ವ್ಯಾನೇ ಗತಿ, ಪುಟ್ಟಿಗೆ ಭಾನುವಾರವೇ ಗತಿ. ಆದರೆ ಬಲಗಾಲು ಏಳಲಿಲ್ಲ. ಅದು ರಾವಣನ ಎದುರು ನೆಟ್ಟು ನಿಂತೇ ಇತ್ತು. ಹಿಂದೆ ಹೋದ ಎಡಗಾಲು ಅಲ್ಲೇ ಒಂದು ಗಳಿಗೆ ತಡೆದು, ತಿರುಗಿ ಬಂದು ಬಲಗಾಲಿನ ಪಕ್ಕ ಕೂತಿತು. ಮುಂದಿನ ಹೆಜ್ಜೆ ಮುಂದಕ್ಕೇ ಬಿತ್ತು.

ಹರಿದ ಕಾಲುಚೀಲ ಮಾತ್ರ ಗುಂಪು ಬಿಟ್ಟು, ಅರೆಬಾಗಿಲು ತಳ್ಳಿಕೊಂಡು, ಬೂಟಿಲ್ಲದೆ ನನ್ನ ಮುಂದೆಯೇ ಕಾರಿಡಾರಿನ ತುದಿಗೆ ಓಡಿತು. ಆ ಸಾಹೇಬರು ವಾಪಸು ಬರುವಾಗ ಮುಖದಲ್ಲಿ ಬಹಳ ಸಮಾಧಾನವಿತ್ತು.

ಸವಿತಾ ಹೊರಗೆ ಬಂದಳು. “ಕೂತಾಗ ಮತ್ತೆ ಏನೂ ಕಾಣ್ಲಿಲ್ಲ ದೊಡ್ಡಪ್ಪ. ಇನ್ನೇನು ಹೋಗೋದು ಹೋಯ್ತು ಅಂದ್ಕೊಂಡು, ಮೇಡಂ, ಮೇಜು ಈಚೆಗೆ ಎಳೀಬೋದಾ ಅಂತ ಕೇಳ್ದೆ. ಅವ್ರು ನಕ್ಕು ಎಳೀರಿ ಅಂದ್ರು. ಗಣಪತಿ ಹತ್ರ ಬಂದ್ ತಕ್ಷಣ ಅಭ್ಯಾಸ ಬಲ, ಚಪ್ಲಿ ಇಲ್ಲೇ ಬಿಡಿ ಅಂದ್‌ಬಿಟ್ಟೆ. ಪಾಪ, ಬಿಟ್ರು.”

“ಆ ಸಾಹೇಬ್ರು ಕೇಳಿದ್ದೇನು?”

“ಟಾಯ್ಲೆಟ್ ಎಲ್ಲಮ್ಮಾ ಅಂದ್ರು.”

“ಪರೀಕ್ಷೆ ಮಾಡಕ್ಕೆ ಕೇಳಿದ್ರೋ, ನಿಜವಾಗ್ಲೂ ಬಂದಿತ್ತೋ?”

“ಗೊತ್ತಿಲ್ಲ. ಒಂದ್ ಕಾಲು ರಾವಣನ ಹತ್ರ ಇಟ್ಟು, ನಮ್ಮೂರಿನ ಟಾಯ್ಲೆಟ್ಟಿನ ದಾರಿ ತೋರಿಸ್ದೆ. ಅವ್ರು ಬೇರೆ ಕಡೆ ಓಡಿದ್ರು.”

ಲೈಸೆನ್ಸು ಬಂತು. ಗೌರಮ್ಮ ರಾಗಿ ಮೂಟೆಯ ಮೇಲಿನ ಶಾಲನ್ನು ಒದರಿ ಸವಿತಾಳಿಗೆ ಹೊದಿಸಿ, ನನ್ನ ಕಡೆ ತಿರುಗಿ, “ಇತಿಹಾಸ ಅಂತೆ, ಇತಿಹಾಸ” ಅಂದಳು. ಸಂದರ್ಶನಕ್ಕೆ ತಯಾರಾಗುವ ಹುಡುಗರೇ, ನನ್ನ ಹತ್ತಿರ ಬರುವುದಾದರೆ ಬನ್ನಿ, ಆದರೆ ಮೊದಲು ಅಡಿಗೆಮನೆಯಲ್ಲಿ ಕೇಳಿಕೊಂಡು ಬನ್ನಿ.

ಸವಿತಾ ಮೊದಲ ಗುಂಪನ್ನು ಕರೆದುಕೊಂಡು ಹೊರಟ ದಿನ ಬಿಸಿಲು ಜೋರಾಗಿತ್ತು. ಮಂಡಿಗೆ ಮುಲಾಮು ತಿಕ್ಕಿಕೊಂಡು ನಾನೂ ಹೋದೆ. ಹಿಂದಿನಿಂದ ಅವಳ ತಲೆಗೆ ಕೊಡೆ ಹಿಡಿದೆ. ಅವಳು ಬೇಡ ದೊಡ್ಡಪ್ಪ ಅಂದಳು. ನೀನು ಗಣಪತಿ ನೋಡು ಅಂದೆ. ಅವಳ ಧ್ವನಿ ನಡುಗದೆ ಎದ್ದಿತು. ನನಗೆ ಹೆಮ್ಮೆಯಾಯಿತು, ಅವಳ ಜೊತೆ ಮನಸ್ಸಿನಲ್ಲೇ ಪಾಠ ಹೇಳಿಕೊಳ್ಳುತ್ತಾ ನಡೆದೆ. ಗೇಟಿನಲ್ಲಿ ಶಿವಣ್ಣನ ಪಕ್ಕ ಪುಟ್ಟಿ ಎಚ್ಚರವಾಗಿ ಕೂತು ಎಳನೀರು ಕುಡಿಯುತ್ತಿದ್ದಳು.

ರಾವಣನ ಹತ್ತಿರ ಬಂದಾಗ ಗುಂಪಿನಿಂದ ಒಬ್ಬರು ಕೈಯೆತ್ತಿ, ಮೇಡಂ, ಟಾಯ್ಲೆಟ್ ಎಲ್ಲಿ ಅಂದರು. ಸವಿತಾ ಕತ್ತು ತಿರುಗಿಸಿ ದಾರಿ ಹೇಳಿದಳು, ಕತ್ತು ತಿರುಗಿಸಿ ರಾವಣನನ್ನು ಮುಂದುವರಿಸಿದಳು. ನನಗೆ ಮಾತ್ರ ಪಾಠ ಪೂರ್ತಿ ಹಾರಿಹೋಯಿತು. ಯೋಚಿಸುವ ಮೊದಲೇ ಕಾಲು ದಕ್ಷಿಣ ಬಾಗಿಲಿನ ಕಡೆ ಹೊರಟಿತು.

ತಲೆಯ ಮೇಲಿನ ನೆರಳು ಸರಿದದ್ದು ಅವಳಿಗೆ ಗೊತ್ತಾಯಿತು. ಗೋಡೆಯಿಂದ ಕೈ ತೆಗೆಯದೆ, ಹಿಂದೆ ತಿರುಗಿಯೂ ನೋಡದೆ, “ದೊಡ್ಡಪ್ಪ, ಒಂದ್ ಕಾಲು ಇಲ್ಲೇ ಇಡಿ” ಅಂದಳು.

ಇಟ್ಟೆ.